ಅಂಗಡಿಯ ಬೆಳಕು, ಮನೆಯ ಬೆಳಕು



ಸೀರೆ ಕೊಳ್ಳಲು ಬಂದ ಗೃಹಿಣಿ ಟ್ಯೂಬ್‌ಲೈಟಿನ ಕೆಳಗೆ ಕಂಡ ಬಣ್ಣವನ್ನು ನಂಬುವುದಿಲ್ಲ. ಸೆರಗನ್ನು ಹಿಡಿದು ಅಂಗಡಿಯ ಬಾಗಿಲಿಗೆ ಬಂದು ಹಗಲ ಬೆಳಕಿನಲ್ಲಿ ನೋಡಿ, ಆಮೇಲೆ ಬೆಲೆ ಕೇಳುತ್ತಾಳೆ. ಜವಳಿ ವ್ಯಾಪಾರ ಬಲ್ಲ ಮನೆತನಗಳಿಗೆ ಇದು ನಿತ್ಯದ ನೋಟ. ಸೀರೆಗೆ ಇಷ್ಟು ಎಚ್ಚರ ವಹಿಸುವವರೂ ಟಿ.ವಿ. ಕೊಳ್ಳುವಾಗ ಮಾತ್ರ ಅಂಗಡಿಯ ಬೆಳಕನ್ನೇ ನಂಬಿಬಿಡುವುದುಂಟು. ಈ ತಿಂಗಳು ಆ ವಿಷಯವಾಗಿ ನಾಲ್ಕು ಮಾತು.

1982ರಲ್ಲಿ, ದೆಹಲಿ ಏಷ್ಯನ್ ಕ್ರೀಡಾಕೂಟದ ವರ್ಷ, ನಮ್ಮ ದೇಶದಲ್ಲಿ ಬಣ್ಣದ ಪ್ರಸಾರ ಆರಂಭವಾಯಿತು. ಆಗ ಇದ್ದ ಆಯ್ಕೆ ಸರಳ: ಕಪ್ಪು-ಬಿಳುಪೋ, ಬಣ್ಣದ್ದೋ? ಮುಂದೆ ಗೋಡೆಗೆ ಒರಗುವ ತೆಳು ಟಿ.ವಿ.ಗಳು ಬಂದಾಗ ಪ್ರಶ್ನೆ ಬೇರೆಯಾಯಿತು: ಪ್ಲಾಸ್ಮಾ ಒಳ್ಳೆಯದೋ, ಎಲ್‌ಸಿಡಿ ಒಳ್ಳೆಯದೋ? ಇಂದು ಅಂಗಡಿಯಲ್ಲಿ ಹೊಸ ಪ್ಲಾಸ್ಮಾ ಸಿಗುವುದಿಲ್ಲ. ಆದರೂ ಆ ಪೈಪೋಟಿಯ ಕಥೆ ತಿಳಿದವರು ಇಂದಿನ ಟಿ.ವಿ.ಯನ್ನು ಸರಿಯಾಗಿ ಆರಿಸಬಲ್ಲರು.

ಪ್ಲಾಸ್ಮಾ ಪರದೆಯನ್ನು 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ ಮತ್ತು ರಾಬರ್ಟ್ ವಿಲ್ಸನ್ ಎಂಬವರು ಕಂಡುಹಿಡಿದರು. ಎರಡು ಗಾಜಿನ ಹಾಳೆಗಳ ನಡುವೆ ಲಕ್ಷಾಂತರ ಪುಟ್ಟ ಗೂಡುಗಳು. ಅವುಗಳಲ್ಲಿ ನಿಯಾನ್, ಜೆನಾನ್ ಅನಿಲ. ವಿದ್ಯುತ್ ಹರಿದಾಗ ಒಂದೊಂದು ಗೂಡೂ ಚಿಕ್ಕ ಟ್ಯೂಬ್‌ಲೈಟಿನಂತೆ ತಾನೇ ಬೆಳಗುತ್ತದೆ. ಆದ್ದರಿಂದ ಚಿತ್ರದ ಕಪ್ಪು ಗಾಢವಾಗಿ ಕಾಣುತ್ತದೆ, ಪಕ್ಕದಲ್ಲಿ ಕುಳಿತವರಿಗೂ ಬಣ್ಣ ಮಾಸುವುದಿಲ್ಲ, ಓಡುವ ಚಿತ್ರ ಕಲಸಿದಂತಾಗುವುದಿಲ್ಲ.

ಎಲ್‌ಸಿಡಿಯ ರೀತಿ ಬೇರೆ. ಅದರ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದೆ ಸದಾ ದೀಪ ಉರಿಯುತ್ತಿರುತ್ತದೆ. ಮುಂದಿರುವ ದ್ರವ ಸ್ಫಟಿಕದ ಪದರ ಕಿಟಕಿಯ ಬಾಗಿಲಿನಂತೆ ಬೆಳಕನ್ನು ಬಿಡುತ್ತದೆ, ತಡೆಯುತ್ತದೆ. ಬಾಗಿಲು ಹಾಕಿದರೂ ಸಂದಿನಲ್ಲಿ ಅಷ್ಟಿಷ್ಟು ಬೆಳಕು ಸೋರುವುದರಿಂದ ಕಪ್ಪು ತುಸು ಬೂದಿಯಾಗಿ ಕಾಣುತ್ತದೆ.

ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಈ ವ್ಯತ್ಯಾಸ ಸುಲಭವಾಗಿ ಅರ್ಥವಾದೀತು. ಹಾಲು, ಅರಿಶಿನ, ಚಂದನದ ಧಾರೆ ಮೂರ್ತಿಯ ಮೇಲಿಂದ ಹರಿಯುವಾಗ ಬಣ್ಣವೂ ಚಲಿಸುತ್ತಿರುತ್ತದೆ. ಕತ್ತಲ ಕೋಣೆಯಲ್ಲಿ ಅಂಥ ದೃಶ್ಯವನ್ನು ತೋರಿಸುವುದರಲ್ಲಿ ಪ್ಲಾಸ್ಮಾವೇ ಮೇಲೆಂದು ಬಲ್ಲವರು ಹೇಳುತ್ತಿದ್ದರು.

ಹಾಗಿದ್ದರೂ ಸೋತದ್ದು ಪ್ಲಾಸ್ಮಾ. 2013ರ ಕೊನೆಯಲ್ಲಿ ಪ್ಯಾನಸೋನಿಕ್ ಸಂಸ್ಥೆ ಅದರ ತಯಾರಿಕೆ ನಿಲ್ಲಿಸಿತು. 2014ರಲ್ಲಿ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಸಂಸ್ಥೆಗಳೂ ಕೈಬಿಟ್ಟವು. ಕಾರಣಗಳು ವ್ಯಾಪಾರಸ್ಥರಿಗೆ ತಿಳಿಯದವೇನಲ್ಲ. ಎಲ್‌ಸಿಡಿ ಹಾಳೆ ಕಂಪ್ಯೂಟರಿಗೂ ಬೇಕು, ಮೊಬೈಲಿಗೂ ಬೇಕು. ಉತ್ಪಾದನೆ ಹೆಚ್ಚಿದಂತೆ ಬೆಲೆ ಇಳಿಯಿತು. ಪ್ಲಾಸ್ಮಾವನ್ನು ಸಣ್ಣ ಅಳತೆಯಲ್ಲಿ ಮಾಡುವುದು ಕಷ್ಟ. ತೂಕ ಹೆಚ್ಚು, ವಿದ್ಯುತ್ ಖರ್ಚೂ ಹೆಚ್ಚು. ಜೊತೆಗೆ, ಝಗಮಗಿಸುವ ಅಂಗಡಿಯ ದೀಪಗಳ ಕೆಳಗೆ ಎಲ್‌ಸಿಡಿ ಹೊಳೆಯುತ್ತಿತ್ತು. ಪ್ಲಾಸ್ಮಾದ ಗಾಜಿನಲ್ಲಿ ಮಾತ್ರ ಎದುರಿನ ದೀಪಗಳೇ ಪ್ರತಿಬಿಂಬಿಸಿ ಚಿತ್ರ ಮಂಕಾಗುತ್ತಿತ್ತು. ಗ್ರಾಹಕ ಹೊಳೆಯುವುದನ್ನು ಆರಿಸಿಕೊಂಡ.

ಈಗ ಗುಡಿಬಂಡೆಯ ಮಾತಿಗೆ ಬರೋಣ. ನಾವು ಹೇಳುತ್ತಿರುವುದು ಚಿಕ್ಕಬಳ್ಳಾಪುರದ ಗುಡಿಬಂಡೆಯಲ್ಲ, ಮಡಕಶಿರಾ ಬಳಿಯ ಗುಡಿಬಂಡೆ. 2022ರ ಏಪ್ರಿಲಿನಿಂದ ಗುಡಿಬಂಡೆ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಬಯಲುಸೀಮೆಯ ಈ ಊರುಗಳಲ್ಲಿ ಬಿಸಿಲಿಗೆ ಬಡತನವಿಲ್ಲ. ಬೀದಿಬಾಗಿಲು ತೆರೆದಿಟ್ಟ ಪಡಸಾಲೆಯಲ್ಲಿ ಹಗಲು ಟಿ.ವಿ. ನೋಡುವ ಮನೆಗೆ ಎಲ್‌ಸಿಡಿಯೇ ಸರಿ. ಯಾರಾದರೂ ಹಳೆಯ ಪ್ಲಾಸ್ಮಾವನ್ನು ಅಗ್ಗಕ್ಕೆ ಕೊಡುತ್ತೇವೆಂದರೆ ಬೇಡವೆನ್ನಿ. ಬಿಡಿಭಾಗ ಸಿಗುವುದು ದುರ್ಲಭ. ಲೆಕ್ಕವನ್ನೂ ಹಾಕಿ ನೋಡಿ: 250 ವ್ಯಾಟ್ ಎಳೆಯುವ ಪೆಟ್ಟಿಗೆ ದಿನಕ್ಕೆ 5 ಗಂಟೆ ಓಡಿದರೆ ತಿಂಗಳಿಗೆ 37.5 ಯೂನಿಟ್. 80 ವ್ಯಾಟಿನದಾದರೆ 12 ಯೂನಿಟ್. ವರ್ಷಕ್ಕೆ 300 ಯೂನಿಟ್ಟಿಗೂ ಹೆಚ್ಚು ಅಂತರ.

ಇಂದಿನ ಅಂಗಡಿಯಲ್ಲಿ ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ ಎಂದು ಹೆಸರುಗಳ ಸಾಲೇ ಇದೆ. ಗಾಬರಿ ಬೇಡ. ಎಲ್‌ಇಡಿ ಟಿ.ವಿ. ಎಂದರೆ ಹಿಂದಿನ ದೀಪ ಮಾತ್ರ ಬದಲಾದ ಎಲ್‌ಸಿಡಿಯೇ. ಕ್ಯೂಎಲ್‌ಇಡಿ ಕೂಡ ಬಣ್ಣ ಸುಧಾರಿಸಿದ ಎಲ್‌ಸಿಡಿಯೇ. ಓಎಲ್‌ಇಡಿ ಮಾತ್ರ ಬೇರೆ ಜಾತಿ. ಪ್ಲಾಸ್ಮಾದಂತೆ ಅದರ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ. ಚಿತ್ರ ಬಹು ಸೊಗಸು, ಬೆಲೆಯೂ ಹೆಚ್ಚು. ಹೀಗೆ ಹಳೆಯ ಪ್ರಶ್ನೆಯೇ ಹೊಸ ಹೆಸರಿನಲ್ಲಿ ಮರಳಿ ಬಂದಿದೆ.

ವ್ಯಾಪಾರಿ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಗಲ್ಲಾದ ಎದುರು ಬೆಳಗಿನಿಂದ ಸಂಜೆಯವರೆಗೆ ಷೇರುಪೇಟೆಯ ವಾಹಿನಿ ಹಾಕಿಟ್ಟಿರುವವರು ಅನೇಕರು. ಕೆಳಗೆ ದರಗಳ ಪಟ್ಟಿ, ಮೂಲೆಯಲ್ಲಿ ವಾಹಿನಿಯ ಗುರುತು ಇಡೀ ದಿನ ಅಲ್ಲೇ ನಿಂತಿರುತ್ತವೆ. ತಾನೇ ಬೆಳಗುವ ಪರದೆಯಲ್ಲಿ ಅಂಥ ನಿಶ್ಚಲ ಚಿತ್ರ ಕ್ರಮೇಣ ಅಚ್ಚೊತ್ತಿ ಉಳಿದುಬಿಡಬಹುದು. ಪ್ಲಾಸ್ಮಾಕ್ಕೂ ಈ ದೋಷವಿತ್ತು, ಓಎಲ್‌ಇಡಿಗೂ ಇದೆ. ಅಂಗಡಿಗೆ ಸಾಧಾರಣ ಎಲ್‌ಇಡಿ ಸಾಕು. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವ ಕೋಣೆಯಿದ್ದು, ಹಣದ ಅನುಕೂಲವಿದ್ದರೆ ಮಾತ್ರ ಓಎಲ್‌ಇಡಿಯನ್ನು ಯೋಚಿಸಬಹುದು.

ಕೊಳ್ಳುವ ಮುನ್ನ ಈ ಕೆಲಸಗಳನ್ನು ಮಾಡಿ. ಮೊದಲನೆಯದಾಗಿ, ಸೋಫಾದಿಂದ ಗೋಡೆಗೆ ಇರುವ ದೂರವನ್ನು ಟೇಪು ಹಿಡಿದು ಅಳೆಯಿರಿ. 32 ಅಂಗುಲಕ್ಕೆ 4ರಿಂದ 6 ಅಡಿ, 43 ಅಂಗುಲಕ್ಕೆ 6ರಿಂದ 9 ಅಡಿ ದೂರ ಹಿತ. ಎರಡನೆಯದಾಗಿ, ಅಂಗಡಿಯ ಟಿ.ವಿ.ಗಳು ಸಾಮಾನ್ಯವಾಗಿ ಪ್ರದರ್ಶನಕ್ಕೆಂದು ಅತಿ ಪ್ರಖರವಾಗಿ ಹೊಂದಿಸಿರುತ್ತವೆ. ಅದನ್ನು ಮನೆಯ ಹೊಂದಿಕೆಗೆ ಬದಲಿಸಿ ತೋರಿಸೆಂದು ಕೇಳಿ. ಕಂಪನಿ ಕೊಟ್ಟ ಹೂವು-ಹಕ್ಕಿಯ ಚಿತ್ರ ಬೇಡ. ದಿನವೂ ನೋಡುವ ವಾಹಿನಿಯನ್ನೇ ಹಾಕಿಸಿ. ಮೂರನೆಯದಾಗಿ, ವಿದ್ಯುತ್ ಉಳಿತಾಯದ ನಕ್ಷತ್ರ ಚೀಟಿ ನೋಡಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಹಿಂದೂಪುರದಲ್ಲೋ ಬೆಂಗಳೂರಿನಲ್ಲೋ ಕೊಂಡ ಟಿ.ವಿ. ಕೆಟ್ಟರೆ ಗುಡಿಬಂಡೆಗೆ ರಿಪೇರಿಯವರು ಎಲ್ಲಿಂದ ಬರುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಪರದೆ ಒಡೆದರೆ ಅದರ ಖರ್ಚು ಹೊಸ ಟಿ.ವಿ.ಯ ಬೆಲೆಗೇ ಹತ್ತಿರ ಬರುತ್ತದೆ. ಬಿಲ್ಲನ್ನೂ ವಾರಂಟಿ ಪತ್ರವನ್ನೂ ಜೋಪಾನವಾಗಿಡಿ. 32 ಅಂಗುಲ ಮೀರಿದ ಟಿ.ವಿ.ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಡುತ್ತೇನೆಂಬ ಮಾತಿಗೆ ವ್ಯಾಪಾರಸ್ಥರೇ ಮರುಳಾಗಬಾರದು.

ಗಡಿಭಾಗದ ಮನೆಗಳಿಗೆ ಇನ್ನೊಂದು ಕಿವಿಮಾತು. ವಿಳಾಸ ಆಂಧ್ರದ್ದಾದ್ದರಿಂದ ಡಿಶ್‌ನವರು ತೆಲುಗು ವಾಹಿನಿಗಳ ಕಟ್ಟನ್ನೇ ಮುಂದಿಡಬಹುದು. ಬೇಕಾದ ವಾಹಿನಿಗಳನ್ನು ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು 2019ರ ಫೆಬ್ರವರಿಯಿಂದ ಗ್ರಾಹಕರಿಗಿದೆ. ಮಕ್ಕಳು ಶಾಲೆಯಲ್ಲಿ ತೆಲುಗು ಓದಲಿ, ಸಂತೋಷ. ಆದರೆ ಮನೆಯಲ್ಲಿ ಕನ್ನಡ ಮಾತ್ರ ಬಲ್ಲ ಅಜ್ಜಿಯ ಮುಂದೆ ಅವರಿಗೆ ಅರ್ಥವಾಗದ ಪೆಟ್ಟಿಗೆ ಇಟ್ಟರೆ ಎಷ್ಟು ದೊಡ್ಡ ಪರದೆಯಾದರೇನು?

ಗುಡುಗು-ಮಿಂಚು ಶುರುವಾಗುವ ಮುನ್ನವೇ ವಿದ್ಯುತ್ತಿನ ಪ್ಲಗ್ಗನ್ನಷ್ಟೇ ಅಲ್ಲ, ಡಿಶ್ ತಂತಿಯನ್ನೂ ಕಳಚಿಡಿ. ಹಳೆಯ ಟಿ.ವಿ.ಯನ್ನು ಗುಜರಿಯವರು ಸುತ್ತಿಗೆಯಿಂದ ಒಡೆಯುವಂತೆ ಕೊಡಬೇಡಿ. ಮೊದಲ ಎಲ್‌ಸಿಡಿಗಳ ಹಿಂದಿನ ದೀಪಗಳಲ್ಲಿ ಪಾದರಸವಿರುತ್ತದೆ. ಅದು ಮಣ್ಣು ನೀರಿಗೆ ಸೇರಿ ಜೀವಿಗಳಿಗೆ ಕೇಡು ಮಾಡುತ್ತದೆ. ಹೊಸದನ್ನು ಕೊಳ್ಳುವಾಗ ವಿನಿಮಯಕ್ಕೆ ಕೊಡಿ, ಇಲ್ಲವೇ ಇ-ತ್ಯಾಜ್ಯ ಸಂಗ್ರಹಿಸುವ ನೋಂದಾಯಿತ ಸಂಸ್ಥೆಗೆ ಒಪ್ಪಿಸಿ.

ಕೋಣೆಗೊಂದು ಟಿ.ವಿ. ಇಟ್ಟ ಮನೆಯಲ್ಲಿ ಮಾತುಕತೆ ಕಡಿಮೆಯಾಗುತ್ತದೆ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳಿರೆಂದು ಹಿರಿಯರು ಹೇಳಿದ್ದು ಬರಿಯ ಹೊಲ-ಚಿನ್ನದ ವಿಷಯದಲ್ಲಿ ಮಾತ್ರವಲ್ಲ. 2018ರ ಮಹಾಮಸ್ತಕಾಭಿಷೇಕದ ನಂತರ ಹನ್ನೆರಡು ವರ್ಷಗಳ ಕ್ರಮದಲ್ಲಿ ಮುಂದಿನದು 2030ಕ್ಕೆ ಬರಬೇಕು. ಆ ದಿನ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಒಟ್ಟಾಗಿ ಕುಳಿತು ನೋಡುವಂಥ, ಅಷ್ಟು ವರ್ಷ ಬಾಳುವಂಥ ಒಂದೇ ಒಂದು ಟಿ.ವಿ. ಮನೆಯಲ್ಲಿದ್ದರೆ ಸಾಕೆಂಬುದು ನಮ್ಮ ಅಭಿಪ್ರಾಯ.