ಟೊಲೆಡೊ ಡೆಸ್ಕಿನಲ್ಲಿ ಪ್ರೇಮಕ್ಕೆ ಪುರುಸೊತ್ತೆಲ್ಲಿ?

ಪತ್ರಿಕಾ ಕಚೇರಿಯ ಕಥೆಯಿರುವ ಸಿನಿಮಾ, ಸರಣಿಗಳನ್ನು ನಾನು ನೋಡುವುದೇ ತಪ್ಪು ಹುಡುಕುವುದಕ್ಕೆ. ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಅರ್ಧ ಆಯುಷ್ಯ ಕಳೆದವಳಿಗೆ ಆ ಚಟ ಬಿಡುವುದು ಕಷ್ಟ. ತೆರೆಯ ಮೇಲೆ ವರದಿಗಾರ ಏದುಸಿರು ಬಿಡುತ್ತಾ ಬರುತ್ತಾನೆ, ಸಂಪಾದಕ ಮೇಜು ಕುಟ್ಟುತ್ತಾನೆ, ಮರುಗಳಿಗೆ ಮುದ್ರಣಯಂತ್ರ ತಿರುಗುತ್ತದೆ. ನಡುವೆ ಆ ಸುದ್ದಿ ತಿದ್ದಿದವರು, ಪುಟ ಕಟ್ಟಿದವರು ಯಾರೂ ಲೆಕ್ಕಕ್ಕಿಲ್ಲ. ಹಾಗಾಗಿ ಅಮೆರಿಕದ ಹಾಸ್ಯ ಸರಣಿ ‘ದಿ ಪೇಪರ್’ನ ನಾಯಕಿ ಪುಟ ಕಟ್ಟುವವಳು ಎಂದು ಗೊತ್ತಾದಾಗ ಕನ್ನಡಕ ಒರೆಸಿಕೊಂಡು ಕೂತೆ.

2025ರ ಸೆಪ್ಟೆಂಬರಿನಲ್ಲಿ ಹತ್ತೂ ಕಂತುಗಳನ್ನು ಒಂದೇ ಸಲ ಬಿಟ್ಟ ಸರಣಿಯಿದು. ‘ದಿ ಆಫೀಸ್’ನ ಅಮೆರಿಕನ್ ಆವೃತ್ತಿ ಮಾಡಿದ ಗ್ರೆಗ್ ಡೇನಿಯಲ್ಸ್, ಮೈಕೆಲ್ ಕೋಮನ್ ಜೊತೆ ಸೇರಿ ಇದನ್ನು ಕಟ್ಟಿದ್ದಾರೆ. ಅಲ್ಲಿ ಕಾಗದ ಮಾರುವ ಕಂಪನಿಯ ಬೆನ್ನು ಹತ್ತಿದ್ದ ಸಾಕ್ಷ್ಯಚಿತ್ರ ತಂಡವೇ ಇಲ್ಲಿ ಒಹಾಯೋ ರಾಜ್ಯದ ಟೊಲೆಡೊಗೆ ಬಂದು, ‘ಟ್ರೂತ್ ಟೆಲ್ಲರ್’ ಎಂಬ ಕಾಲ್ಪನಿಕ ಪತ್ರಿಕೆಯೊಳಗೆ ಕ್ಯಾಮೆರಾ ಇಡುತ್ತದೆ. ಪತ್ರಿಕೆಯ ಮಾಲೀಕ ಕಂಪನಿಗೆ ನಿಜವಾದ ಆದಾಯ ಟಾಯ್ಲೆಟ್ ಪೇಪರಿನಿಂದ. ಹಳೆಯ ಸರಣಿಯ ಅಕೌಂಟೆಂಟ್ ಆಸ್ಕರ್ ಈ ಕಚೇರಿಗೂ ಬಂದಿದ್ದಾನೆ. ಕ್ಯಾಮೆರಾ ಕಂಡೊಡನೆ ‘ಮತ್ತೆ ಶುರುವಾಯಿತಲ್ಲಪ್ಪಾ’ ಎನ್ನುವ ಹಾಗೆ ಬೆಚ್ಚುತ್ತಾನೆ. ಮೊದಲ ಕಂತಿನಲ್ಲಿ ನನ್ನನ್ನು ಜೋರಾಗಿ ನಗಿಸಿದ್ದು ಅವನೇ.

ಹೊಸ ಸಂಪಾದಕ ನೆಡ್ (ಡೊನಲ್ ಗ್ಲೀಸನ್) ಮೊನ್ನೆಯವರೆಗೆ ಮಾರಾಟದ ಕೆಲಸದಲ್ಲಿದ್ದವನು. ಚಿಕ್ಕಂದಿನಲ್ಲಿ ಸೂಪರ್‌ಮ್ಯಾನ್‌ನನ್ನು ಬಿಟ್ಟು, ವರದಿಗಾರ ಕ್ಲಾರ್ಕ್ ಕೆಂಟ್ ಆಗಬೇಕೆಂದು ಕನಸು ಕಂಡವನಂತೆ. ಪುಟ ಕಟ್ಟುವ ಮೇರ್ (ಚೆಲ್ಸಿ ಫ್ರೈ) ಹಿಂದೆ ಅಮೆರಿಕದ ಸೈನಿಕರ ಪತ್ರಿಕೆ ‘ಸ್ಟಾರ್ಸ್ ಆ್ಯಂಡ್ ಸ್ಟ್ರೈಪ್ಸ್’ಗೆ ಬರೆದವಳು. ಈಗ ಏಜೆನ್ಸಿ ಸುದ್ದಿ ಎಳೆದು ಖಾಲಿ ಜಾಗ ತುಂಬುತ್ತಾಳೆ. ಇವಳು ಬರೆಯಬಲ್ಲಳು ಎಂದು ಗೊತ್ತಾದಾಗ ನೆಡ್‌ನ ಮುಖ ಅರಳುವುದನ್ನು ನೋಡಬೇಕು. ನೋಡುಗರಿಗೆ ಅಲ್ಲೇ ತಿಳಿಯುತ್ತದೆ ಇದು ಎಲ್ಲಿಗೆ ಹೊರಟಿದೆ ಅಂತ.

ನನ್ನ ತಕರಾರು ಶುರುವಾಗುವುದೂ ಅಲ್ಲೇ. ‘ದಿ ಆಫೀಸ್’ನದು ಹೊತ್ತು ಹೋಗದ ಕಚೇರಿ. ಆ ಕಾಗದ ಮಾರಾಟದ ಬಗ್ಗೆ ಅಲ್ಲಿನ ಸೇಲ್ಸ್‌ಮನ್ ಜಿಮ್‌ಗೂ ಆಸಕ್ತಿಯಿರಲಿಲ್ಲ, ನಮಗೂ ಇರಲಿಲ್ಲ. ರಿಸೆಪ್ಷನ್ ಮೇಜಿನ ಪ್ಯಾಮ್ ಕಡೆ ಅವನು ನೋಡುವ ನೋಟವೇ ಆ ದಿನದ ಕೆಲಸ. ಬಾಯಿಬಿಟ್ಟು ಹೇಳುವಷ್ಟರಲ್ಲಿ ಎರಡನೇ ಸೀಸನ್ ಮುಗಿದಿತ್ತು, ಮದುವೆಗೆ 2009 ಬರಬೇಕಾಯಿತು. ಪತ್ರಿಕಾ ಕಚೇರಿಯೆಂದರೆ ಹೊತ್ತೇ ಸಾಲದ ಜಾಗ. ಅದಕ್ಕೂ ಅದೇ ಕಳ್ಳನೋಟ, ಅದೇ ತಟ್ಟನೆ ಜೂಮ್ ಆಗುವ ಕ್ಯಾಮೆರಾ, ಅದೇ ಪೆಚ್ಚುನಗೆ ತಂದು ಅಂಟಿಸಿದರೆ, ಅಲ್ಲಾ, ಇವರಿಗೆ ಪೇಜ್ ಬಿಡುವ ಗಡಿಬಿಡಿಯೇ ಇಲ್ಲವೇ ಎಂದು ನನ್ನಂಥವಳಿಗೆ ಅನ್ನಿಸದೆ ಇರುತ್ತದೆಯೇ?

ನಮ್ಮಲ್ಲಿ ಪ್ರೇಮ ಇರಲಿಲ್ಲ ಅಂತಲ್ಲ. ಜಿಲ್ಲಾ ಪುಟ ನೋಡುತ್ತಿದ್ದ ಹುಡುಗಿ, ಪೇಜ್ ಮಾಡುತ್ತಿದ್ದ ಹುಡುಗ. ಕನ್ನಡದಲ್ಲಿ ಎರಡು ಸಾಲಿನ ಹೆಡಿಂಗ್ ಕೂರಿಸುವ ಕಷ್ಟ ಕೂರಿಸಿದವರಿಗೇ ಗೊತ್ತು: ಮೇಲಿನ ಸಾಲಿನಲ್ಲೊಂದು ‘ರಾಷ್ಟ್ರೀಯ’ ಬಂತೋ, ಅದರ ಒತ್ತಕ್ಷರ ಹೋಗಿ ಕೆಳಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ನಾವು ಬರೆದ ಹೆಡಿಂಗ್ ಹಾಗಾದರೆ ಆತ ಕೂತಲ್ಲಿಂದಲೇ ‘ಮೇಡಂ, ಹೊಡೀತಿದೆ, ಬೇರೆ ಕೊಡಿ’ ಎಂದು ಕೂಗುತ್ತಿದ್ದ. ಅವಳದ್ದಾದರೆ ತುಟಿಪಿಟಕ್ಕೆನ್ನದೆ ಸಾಲಿನ ಅಂತರ ಕೂದಲೆಳೆಯಷ್ಟು ಹಿಗ್ಗಿಸಿ, ಕೆಳಗಿನ ಫೋಟೊವನ್ನು ಅಷ್ಟೇ ಕುಗ್ಗಿಸಿ ಹೊಂದಿಸುತ್ತಿದ್ದ. ದೂರದ ಊರುಗಳ ಎಡಿಷನ್ನಿಗೆ ಹೊತ್ತಾಯಿತೆಂದು ಪ್ರೆಸ್ಸಿನವರು ಫೋನ್ ಮಾಡುತ್ತಿದ್ದರೂ ಅಷ್ಟೇ. ಇಡೀ ಡೆಸ್ಕಿಗೆ ವಿಷಯ ಗೊತ್ತಾಗಲು ಇನ್ನೇನು ಬೇಕು? (ಮದುವೆ ಆಮಂತ್ರಣದಲ್ಲಿ ಅಚ್ಚಿನ ತಪ್ಪು ಹುಡುಕಿದ್ದು ನಾನೇ. ಎರಡು ಸಿಕ್ಕವು.)

ಇಂಥದ್ದು ‘ದಿ ಪೇಪರ್’ಗೆ ಗೊತ್ತಿಲ್ಲವೆಂದಲ್ಲ, ಅದರ ಮೇಲೆ ಭರವಸೆ ಸಾಲದು. ನೆಡ್ ಮತ್ತು ಮೇರ್ ಒಂದು ಸುದ್ದಿಯ ಮೇಲೆ ತಲೆಗೆ ತಲೆ ತಾಗಿಸಿ ಕೂತಾಗ ಇಬ್ಬರೂ ಚೆಂದ. ಕ್ಯಾಮೆರಾ ಕಡೆ ತಿರುಗಿ ಮುಜುಗರಪಟ್ಟಾಗ ಹಳೆಯ ಜಿಮ್-ಪ್ಯಾಮ್‌ರ ನೆರಳು. ಇನ್ನೊಂದು ವ್ಯತ್ಯಾಸವನ್ನೂ ಬರೆದವರು ತೇಲಿಸಿಬಿಟ್ಟಿದ್ದಾರೆ. ಜಿಮ್-ಪ್ಯಾಮ್ ಪ್ರೇಮ ಹುಟ್ಟಿದಾಗ ಒಬ್ಬರ ಕೈಕೆಳಗೆ ಒಬ್ಬರು ಇರಲಿಲ್ಲ. ಇಲ್ಲಿ ಅವನು ಸಂಪಾದಕ, ಅವಳ ಬೈಲೈನ್ ಅವನ ಕೈಯಲ್ಲಿದೆ. ಈ ವಿಷಯದಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ ಬಿಡಿ. ‘ಜೊತೆ ಜೊತೆಯಲಿ’ಯಿಂದ ಹಿಡಿದು ನಮ್ಮ ಧಾರಾವಾಹಿಗಳ ಆಫೀಸ್ ಪ್ರೇಮವೆಂದರೆ ಮಾಲೀಕ ಮತ್ತು ಅವನ ನೌಕರಳು ತಾನೇ? ಎಷ್ಟೋ ಧಾರಾವಾಹಿಗಳಲ್ಲಿ ನೂರು ಕಂತು ಕಳೆದರೂ ಆ ಕಂಪನಿ ಏನು ತಯಾರಿಸುತ್ತದೆಂದು ಗೊತ್ತಾಗದು. ಮೀಟಿಂಗ್ ಮಾತ್ರ ಬಿಡುವಿಲ್ಲದೆ ನಡೆಯುತ್ತಿರುತ್ತದೆ.

ಎಸ್ಮೆರಾಲ್ಡಾಳ ಪಾತ್ರದಲ್ಲಿ ಇಟಲಿಯ ನಟಿ ಸಬ್ರಿನಾ ಇಂಪಾಚತೋರೆ ಗಲಾಟೆಯೋ ಗಲಾಟೆ. ಯಾವ ನಟ ಕಾರಿನ ಚಾಲಕನಿಗೆ ಎಷ್ಟು ಟಿಪ್ಸ್ ಕೊಟ್ಟ ಎಂಬಂಥ ‘ಸುದ್ದಿ’ಗಳಿಂದ ವೆಬ್‌ಸೈಟ್ ತುಂಬಿಸುವವಳು ಆಕೆ. ಅತಿಯಾಯಿತು ಎಂದು ಕೆಲವರಿಗೆ ಅನ್ನಿಸಬಹುದು, ನನಗೆ ಅನ್ನಿಸಲಿಲ್ಲ. ಅವಳ ಪೈಕಿಯವರ ಜೊತೆ ನಾನು ಕ್ಯಾಂಟೀನಿನಲ್ಲಿ ಕಾಫಿ ಕುಡಿದಿದ್ದೇನೆ.

ಸರಣಿಯ ನಿಜವಾದ ಪ್ರೇಮಕಥೆ ನನಗೆ ಕಂಡಿದ್ದು ಬೇರೆ ಕಡೆ. ವರದಿಗಾರರನ್ನು ನೇಮಿಸಲು ದುಡ್ಡಿಲ್ಲದೆ ನೆಡ್ ಸ್ವಯಂಸೇವಕರನ್ನು ಕೇಳುತ್ತಾನೆ. ಲೆಕ್ಕಪತ್ರದವರು, ಜಾಹೀರಾತು ತರುವವನು, ಚಂದಾ ನೋಡಿಕೊಳ್ಳುವವಳು, ಟಾಯ್ಲೆಟ್ ಪೇಪರ್ ವಿಭಾಗದವನು ಎಲ್ಲರೂ ಕೈಯೆತ್ತಿ ನೋಟ್‌ಬುಕ್ ಹಿಡಿದು ಹೊರಡುತ್ತಾರೆ. ‘ದಿ ಆಫೀಸ್’ ಶುರುವಾದ 2005ರಿಂದ ಈಚೆಗೆ ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ಪತ್ರಿಕೆಗಳು ಮುಚ್ಚಿವೆ. ಅದನ್ನು ತಿಳಿದು ನೋಡಿದರೆ, ಏನೂ ಬಾರದ ಈ ಮಂದಿಯ ಹುಮ್ಮಸ್ಸು ನಗು ತರಿಸುತ್ತಲೇ ಗಂಟಲು ಕಟ್ಟಿಸುತ್ತದೆ. ಟೊಲೆಡೊದಲ್ಲಿ ‘ದಿ ಬ್ಲೇಡ್’ ಎಂಬ ನಿಜವಾದ ಪತ್ರಿಕೆಯೊಂದಿದೆ, 1835ರಷ್ಟು ಹಳೆಯದು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕ ತುಕಡಿಯೊಂದು ನಡೆಸಿದ ದೌರ್ಜನ್ಯಗಳನ್ನು ದಶಕಗಳ ಬಳಿಕ ಹೊರಗೆಳೆದು 2004ರಲ್ಲಿ ಪುಲಿಟ್ಜರ್ ಪಡೆದ ಪತ್ರಿಕೆ. ಸಣ್ಣ ಊರಿನ ಡೆಸ್ಕಿಗೆ ಎಷ್ಟು ದೂರ ಕೈ ಚಾಚಲು ಸಾಧ್ಯ ಎಂಬುದಕ್ಕೆ ಬರಹಗಾರರು ಹೊರಗೆಲ್ಲೂ ಹುಡುಕಬೇಕಿರಲಿಲ್ಲ.

ಮೊದಲ ಕಂತು ಬರುವ ಮುಂಚೆಯೇ ಎರಡನೇ ಸೀಸನ್ ಘೋಷಿಸಿದ್ದರು. ನೋಡುತ್ತೇನೆ. ಜಾಹೀರಾತಿನ ಡೆಟ್ರಿಕ್ ಚಂದಾ ವಿಭಾಗದ ನಿಕೋಲ್ ಹಿಂದೆ ಸುಳಿಯುವುದು ಸಂಪಾದಕರ ಸರಸಕ್ಕಿಂತ ಎಷ್ಟೋ ಸಹಜವಾಗಿದೆ, ಅದು ಬೆಳೆಯಲಿ. ಮೇರ್‌ಗೆ ಮಾತ್ರ ಒಂದಿಡೀ ರಾತ್ರಿಪಾಳಿ ಕೊಡಿ: ಕೊನೇ ಗಳಿಗೆಯಲ್ಲಿ ಬಂದು ಬೀಳುವ ದೊಡ್ಡ ಸುದ್ದಿ, ಕಿತ್ತು ಮತ್ತೆ ಕಟ್ಟಬೇಕಾದ ಮುಖಪುಟ, ಕಾಯುತ್ತಿರುವ ಪ್ರೆಸ್ಸು. ನೆಡ್ ಎಂಥವನೆಂದು ಅವಳಿಗೂ ಗೊತ್ತಾಗುತ್ತದೆ, ನಮಗೂ.