ಮಲೆನಾಡಿನ ಮನೆ: ಮೊದಲ ಹಣ ಯಾವುದಕ್ಕೆ?

ಮಲೆನಾಡಿನಲ್ಲಿ ಹೊಸ ಮನೆಯ ಮಾತು ಸಾಮಾನ್ಯವಾಗಿ ನೆಲಕ್ಕೆ ಗ್ರಾನೈಟೋ ಟೈಲ್ಸೋ ಎಂಬಲ್ಲಿಂದ ಆರಂಭವಾಗುತ್ತದೆ. ಹಿಂಬದಿಯ ಧರೆ ಎಷ್ಟು ಎತ್ತರ, ಮಳೆನೀರು ಎಲ್ಲಿಗೆ ಹರಿಯುತ್ತದೆ ಎಂಬ ಪ್ರಶ್ನೆಗಳು ಏಳುವುದು ಮೊದಲ ಮಳೆಗಾಲದಲ್ಲಿ ಗೋಡೆ ತೇವಗೊಂಡ ಮೇಲೆಯೇ. ಅಡಿಕೆ, ಕಾಫಿಯ ಹಲವು ವರ್ಷಗಳ ಉಳಿತಾಯಕ್ಕೆ ಸಾಲವನ್ನೂ ಸೇರಿಸಿ ಕಟ್ಟುವ ಮನೆಯಲ್ಲಿ ಎಲ್ಲ ಆಸೆಗಳಿಗೂ ಹಣ ಸಾಲದು. ಯಾವುದು ಮೊದಲು, ಯಾವುದು ಕೊನೆಗೆ ಎಂಬ ನಿರ್ಧಾರಕ್ಕೆ ಸರಳ ಸೂತ್ರವೊಂದುಂಟು: ಮುಂದೆ ಬದಲಾಯಿಸಲಾಗದ್ದಕ್ಕೆ ಮೊದಲ ಹಣ ಸಲ್ಲಬೇಕು, ಹತ್ತು ವರ್ಷದ ನಂತರವೂ ಬದಲಿಸಬಹುದಾದದ್ದು ಕಾಯಬಹುದು.

ಬದಲಾಯಿಸಲಾಗದ ಮೊದಲ ಅಂಶ ನಿವೇಶನ. ಹಿಂದಿನವರು ಇಳಿಜಾರಿಗೆ ಹೊಂದಿಕೊಂಡು ಮನೆ, ಅಂಗಳ, ಕೊಟ್ಟಿಗೆಗಳನ್ನು ಬೇರೆ ಬೇರೆ ಹಂತಗಳಲ್ಲಿ ಕಟ್ಟುತ್ತಿದ್ದರು. ಇಂದು ಜೆಸಿಬಿ ಯಂತ್ರವು ಗುಡ್ಡವನ್ನು ನೆಟ್ಟಗೆ ಕಡಿದು ಅಲ್ಪಕಾಲದಲ್ಲೇ ಸಮತಟ್ಟು ಮಾಡಿಕೊಡುತ್ತದೆ. ಬುಡದ ಆಸರೆ ತಪ್ಪಿದ ಮಣ್ಣು ನೀರು ಹೀರಿ ಭಾರವಾದಾಗ, ಕಣಗಳ ಬಿಗಿ ಸಡಿಲಗೊಂಡು ಕುಸಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಜರಿದುದಕ್ಕೆ ವಿಪರೀತ ಮಳೆಯೊಂದೇ ಕಾರಣವಲ್ಲ. ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. ಅಗೆಯುವುದು ಅನಿವಾರ್ಯವಾದಲ್ಲಿ ಗಿಡ್ಡ ಮೆಟ್ಟಿಲುಗಳಾಗಿ ಅಗೆಯಬೇಕು. ತಡೆಗೋಡೆಯಲ್ಲಿ ನೀರು ಹೊರಬರಲು ರಂಧ್ರಗಳಿರಬೇಕು. ಅಂಚಿನಲ್ಲಿ ಲಾವಂಚ ನೆಟ್ಟರೆ ಅದರ ಆಳವಾದ ಬೇರು ಮೇಲ್ಮಣ್ಣನ್ನು ಹಿಡಿದಿಡುತ್ತದೆ. ಆದರೆ ನೆಟ್ಟಗೆ ಕಡಿದ ಎತ್ತರದ ಧರೆಯನ್ನು ಯಾವ ಬೇರೂ ಉಳಿಸಲಾರದು.

ಎರಡನೆಯದು ನೀರಿನ ದಾರಿ. 3000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ 100 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 3 ಲಕ್ಷ ಲೀಟರ್ ನೀರು ಸುರಿಯುತ್ತದೆ. ಆಗುಂಬೆಯಂಥಲ್ಲಿ ಇದು ದುಪ್ಪಟ್ಟಿಗೂ ಹೆಚ್ಚು. ಇಷ್ಟು ನೀರು ಅಡಿಪಾಯಕ್ಕೆ ಇಳಿಯದಂತೆ ಮನೆಯ ಮೇಲ್ಭಾಗದಲ್ಲೇ ಕಾಲುವೆ ತೆಗೆದು ಹಳ್ಳಕ್ಕೋ ತೋಟಕ್ಕೋ ಹರಿಸಬೇಕು. ನೀರಿಂಗಿಸುವುದು ಒಳ್ಳೆಯದೆಂದು ಮನೆಯ ಮೇಲಿನ ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವುದು ಅಪಾಯಕಾರಿ. ಅಲ್ಲಿ ಇಂಗಿದ ನೀರು ಧರೆಯನ್ನೇ ಸಡಿಲಿಸಬಲ್ಲದು. ಶೌಚಗುಂಡಿಯು ಬಾವಿಗಿಂತ ತಗ್ಗಿನಲ್ಲಿ, ಅದರಿಂದ ದೂರದಲ್ಲಿರಬೇಕು.

ಮೂರನೆಯದು ಮಾಡು. ಸಮತಟ್ಟಾದ ತಾರಸಿ ಬಯಲುಸೀಮೆಗೆ ಹೊಂದುವಂಥದ್ದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸೋರುವ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡು ಹೊದಿಸಿರುವುದನ್ನು ಕಾಣಬಹುದು. ಒಂದೇ ಮನೆಗೆ ಎರಡು ಚಾವಣಿಗಳ ಖರ್ಚು! ಹಂಚಿನ ಮಾಡಿಗೂ ತೊಡಕುಗಳಿವೆ ಎಂಬುದು ನಿಜ. ಮಂಗಗಳು ಹಂಚು ಒಡೆಯುತ್ತವೆ, ನಾಟಾ ದುಬಾರಿ, ಹಂಚು ಕೈಯಾಡಿಸುವ ಕೆಲಸಗಾರರು ಸಿಗುವುದಿಲ್ಲ. ಆದರೆ ಇದಕ್ಕೆ ಸಮತಟ್ಟು ತಾರಸಿಯೇ ಉತ್ತರವಲ್ಲ. ಕಬ್ಬಿಣದ ಪಕಾಸಿನ ಮೇಲೆ ಹಂಚು ಹೊದಿಸಬಹುದು, ಇಲ್ಲವೇ ಕಾಂಕ್ರೀಟನ್ನೇ ಇಳಿಜಾರಾಗಿ ಹಾಕಬಹುದು. ಮುಖ್ಯವಾದದ್ದು ಇಳಿಜಾರು ಮತ್ತು ಗೋಡೆಯಿಂದ ಸಾಕಷ್ಟು ಮುಂದೆ ಚಾಚಿದ ಸೂರು. ಗಾಳಿಮಳೆಯ ಇರಚಲು ಗೋಡೆಗೆ ತಾಗದಿದ್ದರೆ ಜಂಬಿಟ್ಟಿಗೆಯ ಗೋಡೆಯೂ ದೀರ್ಘಕಾಲ ಬಾಳುತ್ತದೆ.

ನಾಲ್ಕನೆಯದು ಮನೆಯಲ್ಲಿ ನಡೆಯುವ ಕೆಲಸ. ಅಡಿಕೆ ಸುಲಿಯಲು ಜಗಲಿ, ಕಟ್ಟಿಗೆ ಒಣಗಿರಲು ಜಾಗ, ಅಡುಗೆಮನೆಯ ಹೊಗೆ ಹೋಗಲು ದಾರಿ, ವೃದ್ಧರು ಮೆಟ್ಟಿಲು ಹತ್ತದೆ ತಲುಪುವ ಬಚ್ಚಲು ಇವು ನಕ್ಷೆಯಲ್ಲೇ ಇರಬೇಕು. ಹಳೆಯ ಮನೆಗಳ ಕತ್ತಲೆ, ಹೊಗೆಗಳನ್ನು ಪರಂಪರೆಯೆಂದು ಉಳಿಸಿಕೊಳ್ಳಬೇಕಾಗಿಲ್ಲ. ಗ್ರಾನೈಟ್, ಕೆತ್ತನೆಯ ಬಾಗಿಲು, ಅಲಂಕಾರದ ಕಂಬಗಳು ಇವೆಲ್ಲದರ ನಂತರ ಬರಲಿ. ಬಾರದಿದ್ದರೂ ಮನೆ ಸೋರುವುದಿಲ್ಲ.

ಮನೆ ಕಟ್ಟಲು ಹೊರಟವರು ಜೆಸಿಬಿ ಕರೆಸುವ ಮೊದಲು ಒಂದು ಮಳೆಗಾಲ ನಿವೇಶನವನ್ನು ಗಮನಿಸುವುದು ಒಳಿತು. ಒರತೆ ಎಲ್ಲಿ ಏಳುತ್ತದೆ, ನೆಲದಲ್ಲಿ ಬಿರುಕು ಎಲ್ಲಿದೆ, ಯಾವ ಮರಗಳು ವಾಲುತ್ತಿವೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಊರಿನ ವಿದ್ಯಾರ್ಥಿಗಳು ಧರೆಗಳ ಎತ್ತರ, ನೀರಿನ ಹರಿವುಗಳನ್ನು ಅಳೆದು ನಕ್ಷೆ ಮಾಡಿಟ್ಟರೆ ಅದು ಇಡೀ ಊರಿಗೇ ಉಪಕಾರ. ಒಂದು ವರ್ಷದ ಈ ತಾಳ್ಮೆಗೆ ಹಣ ಖರ್ಚಾಗುವುದಿಲ್ಲ. ಕಡಿದ ಗುಡ್ಡವನ್ನು ಮರಳಿ ಕಟ್ಟುವಷ್ಟು ಹಣ ಯಾರಲ್ಲಿಯೂ ಇಲ್ಲ.