ಊರವರ ಗುಟ್ಟು ನಿಮ್ಮ ಡಿಸ್ಕಿನಲ್ಲಿದೆ, ಬೀಗ ಹಾಕಿ

ವಕೀಲರೇ, ಆಡಿಟರ್‌ಗಳೇ, ಕ್ಲಿನಿಕ್ ನಡೆಸುವ ವೈದ್ಯರೇ, ಶಾಲಾ ಕಚೇರಿಯ ಗುಮಾಸ್ತರೇ, ಸಹಕಾರ ಸಂಘದ ಕಾರ್ಯದರ್ಶಿಗಳೇ, ಸೈಬರ್ ಸೆಂಟರ್ ಇಟ್ಟುಕೊಂಡಿರುವ ಗೆಳೆಯರೇ,

ನಿಮ್ಮ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ನಿಮ್ಮದಲ್ಲದ್ದು ಎಷ್ಟಿದೆ ಎಂದು ಒಮ್ಮೆ ಲೆಕ್ಕ ಹಾಕಿ. ಯಾರದೋ ಆಧಾರ್ ಪ್ರತಿ, ಯಾರದೋ ಪಹಣಿ, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ವಿಚ್ಛೇದನದ ಅರ್ಜಿ, ರಕ್ತ ಪರೀಕ್ಷೆಯ ವರದಿ. ಕೊಟ್ಟವರು ನಂಬಿ ಕೊಟ್ಟು ಮರೆತಿದ್ದಾರೆ. ಇಟ್ಟುಕೊಂಡ ನಾವು ಮರೆಯುವಂತಿಲ್ಲ.

‘ಪಾಸ್‌ವರ್ಡ್ ಹಾಕಿದ್ದೇನಲ್ಲ’ ಎನ್ನುತ್ತೀರಿ. ಕಂಪ್ಯೂಟರ್ ತೆರೆಯುವಾಗ ಕೇಳುವ ಪಾಸ್‌ವರ್ಡ್ ಮುಂಬಾಗಿಲ ಚಿಲಕ ಮಾತ್ರ, ಹಿತ್ತಿಲ ಕಡೆ ಗೋಡೆಯೇ ಇಲ್ಲ. ಸ್ಕ್ರೂ ಬಿಚ್ಚಿ ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಕೇಸಿನಲ್ಲಿ ಕೂರಿಸಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಕು. ಡಿಸ್ಕಿಗೇ ಬೀಗವಿಲ್ಲದಿದ್ದರೆ ಯಾವ ಪಾಸ್‌ವರ್ಡನ್ನೂ ಕೇಳದೆ ಎಲ್ಲ ಫೈಲುಗಳೂ ತೆರೆದುಕೊಳ್ಳುತ್ತವೆ. ಬಸ್ಸಿನಲ್ಲಿ ಬಿಟ್ಟುಬಂದ ಲ್ಯಾಪ್‌ಟಾಪು, ರಿಪೇರಿಗೆ ಕೊಟ್ಟ ಯಂತ್ರ, ಗುಜರಿಗೆ ಹಾಕಿದ ಹಳೆಯ ಡಿಸ್ಕು, ಎಲ್ಲದರದ್ದೂ ಇದೇ ಕಥೆ.

ದೊಡ್ಡ ಸರ್ಕಾರಗಳೂ ಇಲ್ಲಿ ಎಡವಿವೆ. 2007ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ತೆರಿಗೆ ಇಲಾಖೆ ಎರಡು ಸಿಡಿಗಳನ್ನು ಸಾಧಾರಣ ಅಂಚೆಯ ಹಾಗೆ ಲಂಡನ್ನಿಗೆ ಕಳಿಸಿತು. ಮಕ್ಕಳ ಭತ್ಯೆ ಪಡೆಯುವ ಕುಟುಂಬಗಳ ಸುಮಾರು 2.5 ಕೋಟಿ ಜನರ ಹೆಸರು, ವಿಳಾಸ, ಜನ್ಮದಿನಾಂಕ, ಬ್ಯಾಂಕ್ ವಿವರ ಅವುಗಳಲ್ಲಿದ್ದವು. ಸಿಡಿಗಳು ತಲುಪಲೇ ಇಲ್ಲ. ಪಾಸ್‌ವರ್ಡ್ ಇತ್ತು, ಎನ್‌ಕ್ರಿಪ್ಷನ್ ಇರಲಿಲ್ಲ. ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಎನ್‌ಕ್ರಿಪ್ಷನ್ ಎಂದರೆ ಡಿಸ್ಕಿನ ಮೇಲೆ ಬರೆಯುವ ಪ್ರತಿ ಅಕ್ಷರವನ್ನೂ ಕೀ ಇಲ್ಲದವರಿಗೆ ಅರ್ಥವಾಗದಂತೆ ಕಲಸಿ ಬರೆಯುವುದು. ಡಿಸ್ಕನ್ನು ಕದ್ದವನಿಗೆ ಆಗ ಸಿಗುವುದು ತಲೆಬುಡವಿಲ್ಲದ ಅಂಕಿಗಳ ರಾಶಿ. ಇಂದು ಜಗತ್ತು ಹೆಚ್ಚಾಗಿ ಬಳಸುವ ವಿಧಾನ ಎಇಎಸ್. ಬೆಲ್ಜಿಯಂನ ಯೋವಾನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರೂಪಿಸಿದ ಇದನ್ನು ಅಮೆರಿಕ 2001ರಲ್ಲಿ ತನ್ನ ಅಧಿಕೃತ ಮಾನದಂಡವಾಗಿ ಒಪ್ಪಿಕೊಂಡಿತು.

ಇದರಿಂದ ಕಂಪ್ಯೂಟರ್ ನಿಧಾನವಾಗುತ್ತದೆ ಎಂಬುದು ಹಳೆಯ ಅಂಜಿಕೆ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. 2010ರಿಂದ ಇಂಟೆಲ್ ತನ್ನ ಪ್ರೊಸೆಸರ್‌ಗಳ ಒಳಗೇ ಎಇಎಸ್ ಲೆಕ್ಕಕ್ಕೆಂದು ಪ್ರತ್ಯೇಕ ಸೂಚನೆಗಳನ್ನು ಸೇರಿಸಿತು, ಎಎಂಡಿಯೂ ಹಿಂದೆಯೇ ಬಂತು. ಸಾಫ್ಟ್‌ವೇರು ಹತ್ತಾರು ಹೆಜ್ಜೆಗಳಲ್ಲಿ ಮಾಡುತ್ತಿದ್ದ ಕೆಲಸವನ್ನು ಚಿಪ್ಪು ಈಗ ಕೆಲವೇ ಹೆಜ್ಜೆಗಳಲ್ಲಿ ಮುಗಿಸುತ್ತದೆ. ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸ ನಿಮಗೆ ಗೊತ್ತೇ ಆಗದು. ಜೊತೆಗೆ 2021ರಲ್ಲಿ ಬಂದ ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ಚಿಪ್ಪಿದೆ. ಅದು ಕೀಯನ್ನು ತನ್ನೊಳಗೆ ಕಾಯುತ್ತದೆ, ಕಂಪ್ಯೂಟರ್ ಏಳುವ ಹಾದಿಯಲ್ಲಿ ಯಾರೂ ಕೈಯಾಡಿಸಿಲ್ಲ ಎಂದು ಖಾತ್ರಿಯಾದರೆ ಮಾತ್ರ ಬಿಟ್ಟುಕೊಡುತ್ತದೆ. ಅಂದರೆ ಬೀಗಕ್ಕೆ ನೀವು ಆಗಲೇ ದುಡ್ಡು ಕೊಟ್ಟಿದ್ದೀರಿ. ಹಾಕುವುದಷ್ಟೇ ಬಾಕಿ.

ಒಂದು ಎಚ್ಚರಿಕೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಕೆಲವು ಡಿಸ್ಕುಗಳು ‘ಎನ್‌ಕ್ರಿಪ್ಷನ್ ನಾನೇ ನೋಡಿಕೊಳ್ಳುತ್ತೇನೆ’ ಎನ್ನುತ್ತವೆ. ಅದನ್ನು ಕಣ್ಣುಮುಚ್ಚಿ ನಂಬಬೇಡಿ. 2018ರಲ್ಲಿ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರಿಬ್ಬರು ಹೆಸರಾಂತ ಕಂಪನಿಗಳ ಇಂಥ ಡ್ರೈವ್‌ಗಳನ್ನು ಬಿಚ್ಚಿ ನೋಡಿದರು. ಕೆಲವುಗಳಲ್ಲಿ ಬಳಕೆದಾರರ ಪಾಸ್‌ವರ್ಡಿಗೂ ಒಳಗಿನ ಕೀಗೂ ಸಂಬಂಧವೇ ಇರಲಿಲ್ಲ, ಪಾಸ್‌ವರ್ಡ್ ತಿಳಿಯದೆಯೂ ಮಾಹಿತಿ ಓದಲು ಬರುತ್ತಿತ್ತು. ವಿಂಡೋಸಿನದೇ ಎನ್‌ಕ್ರಿಪ್ಷನ್ ಸೌಲಭ್ಯವಾದ ಬಿಟ್‌ಲಾಕರ್ ಅಲ್ಲಿಯವರೆಗೆ ಅಂಥ ಡ್ರೈವಿನ ಮಾತನ್ನು ನಂಬಿ ಸುಮ್ಮನಿರುತ್ತಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ಆ ರೂಢಿಯನ್ನು ಬದಲಿಸಿತು. ಕಲಸುವ ಕೆಲಸವನ್ನು ಆಪರೇಟಿಂಗ್ ಸಿಸ್ಟಂ ಮಾಡಲಿ, ಅದಕ್ಕೆ ಪ್ರೊಸೆಸರ್ ಬಲ ಕೊಡಲಿ, ಕೀಯನ್ನು ಟಿಪಿಎಂ ಕಾಯಲಿ. ನಮ್ಮಂಥವರಿಗೆ ಇದೇ ಭರವಸೆಯ ಹಾದಿ.

ಈಗ ಮಾಡಬೇಕಾದ್ದು. ಮೊದಲು ಎಲ್ಲ ಫೈಲುಗಳ ಇನ್ನೊಂದು ಪ್ರತಿ ತೆಗೆದಿಡಿ. ವಿಂಡೋಸ್ 11 ಆಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’ಗೆ ಹೋಗಿ ‘ಡಿವೈಸ್ ಎನ್‌ಕ್ರಿಪ್ಷನ್’ ಇದೆಯೇ ನೋಡಿ, ಪ್ರೊ ಆವೃತ್ತಿಯಾದರೆ ‘ಬಿಟ್‌ಲಾಕರ್’ ಎಂದು ಹುಡುಕಿ. ಮ್ಯಾಕ್‌ನಲ್ಲಿ ಇದರ ಹೆಸರು ‘ಫೈಲ್‌ವಾಲ್ಟ್’. ಲಿನಕ್ಸ್ ಹಾಕುವವರು ಹಾಕುವಾಗಲೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಒತ್ತಿ. ಪೆನ್ ಡ್ರೈವ್ ಮತ್ತು ಹೊರಗಿನ ಡಿಸ್ಕಿಗೆ ಉಚಿತವಾಗಿ ಸಿಗುವ ವೆರಾಕ್ರಿಪ್ಟ್ ಇದೆ. ಹೊಸ ಎಸ್‌ಎಸ್‌ಡಿ ತಂದರೆ ಫೈಲು ತುಂಬುವ ಮುಂಚೆಯೇ ಎನ್‌ಕ್ರಿಪ್ಷನ್ ಹಾಕಿ, ಏಕೆಂದರೆ ಒಮ್ಮೆ ಹಾಗೆಯೇ ಬರೆದದ್ದು ಅಳಿಸಿದ ಮೇಲೂ ಮೂಲೆಯಲ್ಲಿ ಉಳಿದಿರಬಹುದು. ಇಡೀ ಲ್ಯಾಪ್‌ಟಾಪೇ ಕಳುವಾಗುವ ಭಯವಿದ್ದರೆ ಗಟ್ಟಿ ಪಾಸ್‌ವರ್ಡಿನ ಜೊತೆಗೆ, ಯಂತ್ರ ಏಳುವ ಮುನ್ನವೇ ಕೇಳುವ ಪಿನ್ ಒಂದನ್ನು ತಿಳಿದವರಿಂದ ಹಾಕಿಸಿಕೊಳ್ಳಿ.

ಇನ್ನು ರಿಕವರಿ ಕೀ. ಈ ಮಾತನ್ನು ಎರಡು ಸಲ ಓದಿ. ಬಿಟ್‌ಲಾಕರ್ ಕೊಡುವ 48 ಅಂಕಿಗಳ ಆ ಸಂಖ್ಯೆ ಕಳೆದರೆ ಮತ್ತೆ ದಾರಿಯಿಲ್ಲ. ಮದರ್‌ಬೋರ್ಡ್ ಬದಲಿಸಿದ ದಿನ ಪರದೆ ಅದನ್ನೇ ಕೇಳುತ್ತದೆ, ಕೊಡದಿದ್ದರೆ ಕಳ್ಳನಿಗೆ ತೆರೆಯದ ಡಿಸ್ಕು ನಿಮಗೂ ತೆರೆಯದು. ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕ ಕೂಡಲೇ ಎನ್‌ಕ್ರಿಪ್ಷನ್ ತಾನಾಗಿಯೇ ಶುರುವಾಗಿರುತ್ತದೆ, ಕೀ ಆ ಖಾತೆಯಲ್ಲಿ ಕುಳಿತಿರುತ್ತದೆ, ಒಡೆಯನಿಗೇ ಸುದ್ದಿಯಿರುವುದಿಲ್ಲ. ಅದನ್ನು ಹುಡುಕಿ, ಕಾಗದದ ಮೇಲೆ ಮುದ್ರಿಸಿ, ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಡಿ. ಲ್ಯಾಪ್‌ಟಾಪಿನ ಚೀಲದಲ್ಲಿ ಮಾತ್ರ ಇಡಬೇಡಿ.

ವೈರಸ್ಸಿನಿಂದಾಗಲಿ, ತೆರೆದ ಯಂತ್ರವನ್ನು ಹಾಗೆಯೇ ಬಿಟ್ಟು ಊಟಕ್ಕೆ ಏಳುವ ಅಭ್ಯಾಸದಿಂದಾಗಲಿ ಎನ್‌ಕ್ರಿಪ್ಷನ್ ಕಾಪಾಡದು. ಆದರೆ ಡಿಸ್ಕು ಪರರ ಕೈಸೇರಿದ ಹೊತ್ತಿಗೆ ಇದಕ್ಕಿಂತ ದೊಡ್ಡ ಕಾವಲಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿಗೆ ತಕ್ಕ ಭದ್ರತೆ ಕೊಡದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ ಹೇಳುತ್ತದೆ. ದಂಡದ ಭಯಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೊಂದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 86ರ ವಯಸ್ಸಿನಲ್ಲಿ, 2012ರಲ್ಲಿ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆ ಹಕ್ಕು ಉಳಿಯುವುದೂ ಅಳಿಯುವುದೂ ನಮ್ಮ ನಿಮ್ಮ ಮೇಜಿನ ಮೇಲೆ.

ಓದುತ್ತಿರುವ ತರುಣರೇ, ನಿಮಗೆ ಈ ಕೆಲಸ ಸಲೀಸು. ಈ ಭಾನುವಾರ ಅಪ್ಪನ ಅಂಗಡಿಯ, ಅತ್ತೆಯ ಕ್ಲಿನಿಕ್ಕಿನ, ನೀವು ಓದಿದ ಶಾಲೆಯ ಒಂದು ಕಂಪ್ಯೂಟರಿನ ಮುಂದೆ ಕೂರಿ. ಎನ್‌ಕ್ರಿಪ್ಷನ್ ಹಾಕಿಕೊಡಿ, ರಿಕವರಿ ಕೀಯನ್ನು ಮುದ್ರಿಸಿ ಅವರ ಕೈಗೇ ಕೊಟ್ಟು ಬನ್ನಿ.